ಬಾತೂರಿನ ನೆತ್ತಿಯಿಂದ ಕೆಳಗೆ ನೋಡುತ್ತ

ಬಾಲಿಯ ಕಡಲತೀರದ ಹೋಟೆಲುಗಳಿಂದ ಅಪರಾತ್ರಿಯಲ್ಲಿ ಹೊರಡುವ ವ್ಯಾನುಗಳು ಬಹುಪಾಲು ಒಂದೇ ದಿಕ್ಕು ಹಿಡಿಯುತ್ತವೆ. ದ್ವೀಪದ ಈಶಾನ್ಯದಲ್ಲಿ, ಬಂಗ್ಲಿ ಜಿಲ್ಲೆಯ ಕಿಂತಾಮಣಿ ಸೀಮೆಯಲ್ಲಿ, ಬಾತೂರ್ ಎಂಬ ಜೀವಂತ ಜ್ವಾಲಾಮುಖಿಯಿದೆ. ಅದರ ನೆತ್ತಿ ತಲುಪಿ, ಸೂರ್ಯ ಮೂಡುವುದನ್ನು ನೋಡಿ, ಹತ್ತು ಗಂಟೆಯೊಳಗೆ ಹೋಟೆಲಿಗೆ ಮರಳುವುದು ಈಗ ಬಾಲಿ ಪ್ರವಾಸದ ಸಿದ್ಧ ಕಾರ್ಯಕ್ರಮ. ಬೆಂಗಳೂರಿನಿಂದ ಡೆನ್‌ಪಸಾರ್‌ಗೆ ನೇರ ವಿಮಾನ ಬಂದ ಮೇಲೆ ಈ ದಾರಿಯಲ್ಲಿ ಕನ್ನಡದ ಮಾತೂ ಕಿವಿಗೆ ಬೀಳುತ್ತದೆ. ಸೂರ್ಯೋದಯ ಚೆಂದವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಬೆಟ್ಟದ ಮೇಲೆ ಕಣ್ಣಿಟ್ಟು ನೋಡಬೇಕಾದ್ದು ಪೂರ್ವದ ಬಾನಿಗಿಂತ ಹೆಚ್ಚಾಗಿ ಕಾಲಕೆಳಗಿದೆ. ಬೆಳಕು ಹರಿದ ಮೇಲೆ ಕಾಣುವ ಕೆರೆ, ಕಪ್ಪು ಕಲ್ಲಿನ ಹರವು, ಅಂಚಿನ ಮೇಲಿನ ಊರು, ಇವುಗಳನ್ನು ಓದಿಕೊಳ್ಳದೆ ಇಳಿದರೆ ಅಷ್ಟು ದೂರ ಹೋದದ್ದರ ಮುಕ್ಕಾಲು ಪಾಲು ಕೈಬಿಟ್ಟಂತೆ ಎಂದು ನನಗೆ ಅನಿಸಿದೆ.

ಬಾತೂರಿನ ಎತ್ತರ 1,717 ಮೀಟರ್. ನಮ್ಮ ಕುಮಾರ ಪರ್ವತಕ್ಕೂ ಇದಕ್ಕೂ ಇರುವ ವ್ಯತ್ಯಾಸ ಕೆಲವೇ ಅಡಿ. ಆದರೆ ಕುಕ್ಕೆಯಿಂದ ಹತ್ತುವವರು ಹೆಚ್ಚುಕಡಿಮೆ ಆ ಎತ್ತರವನ್ನೆಲ್ಲ ತಮ್ಮ ಕಾಲಿನಿಂದಲೇ ಏರಬೇಕು. ಬಾತೂರಿನಲ್ಲಿ ವಾಹನವೇ ನಮ್ಮನ್ನು ಸಾವಿರ ಮೀಟರ್ ಎತ್ತರದ ಕೆರೆಯ ದಡದವರೆಗೆ ಒಯ್ಯುತ್ತದೆ; ಉಳಿಯುವುದು ಏಳುನೂರು ಮೀಟರಿನಷ್ಟು ಏರು. ಸಾಧಾರಣ ನಡೆಯುವ ಅಭ್ಯಾಸ ಇರುವವರಿಗೆ ಎರಡು ಗಂಟೆಯ ಕೆಲಸ. ನಾಲ್ಕು ಗಂಟೆಯ ಸುಮಾರಿಗೆ ಪುರ ಜಾತಿ ದೇವಾಲಯದ ಬಳಿಯಿಂದಲೋ, ತೋಯ ಬುಂಗ್ಕಾ ಹಳ್ಳಿಯಿಂದಲೋ ಹೊರಟರೆ ಆರು ಗಂಟೆಗೆ ತುದಿ. ಭೂಮಧ್ಯರೇಖೆಯಿಂದ ದಕ್ಷಿಣಕ್ಕೆ ಬರೀ ಎಂಟು ಡಿಗ್ರಿ ದೂರದ ದ್ವೀಪ ಇದು. ಹಾಗಾಗಿ ವರ್ಷದ ಯಾವ ತಿಂಗಳಲ್ಲಿ ಹೋದರೂ ಸೂರ್ಯ ಹೆಚ್ಚುಕಡಿಮೆ ಅದೇ ಹೊತ್ತಿಗೆ ಮೂಡುತ್ತಾನೆ.

ಮೊದಲ ಅರ್ಧ ತಾಸು ದಾರಿ ಸಲೀಸು. ಹಣೆಗೆ ಕಟ್ಟಿದ ದೀಪದ ಬೆಳಕಿನಲ್ಲಿ ಈರುಳ್ಳಿ, ಟೊಮೆಟೊ ಹೊಲಗಳು ಸರಿದುಹೋಗುತ್ತವೆ. ನಮ್ಮನ್ನು ಕರೆದುಕೊಂಡು ಹೋದವಳು ಕೆರೆದಂಡೆಯ ಹಳ್ಳಿಯ ಹೆಣ್ಣುಮಗಳು. ರಾತ್ರಿ ಬೆಟ್ಟ, ಹಗಲು ಇದೇ ಈರುಳ್ಳಿ ಹೊಲ. ಹತ್ತುವ ಮೊದಲು ದಾರಿ ಪಕ್ಕದ ಪುಟ್ಟ ಗುಡಿಯ ಮುಂದೆ ನಿಂತು, ತೆಂಗಿನ ಗರಿಯಲ್ಲಿ ಹೆಣೆದ ಅಂಗೈಯಗಲದ ತಟ್ಟೆಯಲ್ಲಿ ಹೂವಿಟ್ಟು, ಊದುಬತ್ತಿ ಹಚ್ಚಿ, ನೀರು ಚಿಮುಕಿಸಿ ಕೈಮುಗಿದಳು. ಬಾಲಿಯ ಮನೆ, ಅಂಗಡಿ, ಗದ್ದೆಯ ಬದು, ಎಲ್ಲೆಡೆ ದಿನವೂ ಇಡುವ 'ಚಾನಾಂಗ್ ಸಾರಿ' ಅದು. ಅದನ್ನಿಟ್ಟ ಮೇಲೇ ಹೆಜ್ಜೆ ಮುಂದಿಟ್ಟದ್ದು. ನಾವೂ ಕೈಮುಗಿದೆವು.

ಆಮೇಲೆ ನೆಲದ ಸ್ವಭಾವವೇ ಬೇರೆ. ಮಣ್ಣು ಮುಗಿದು ಕರಿಕಲ್ಲು ಬರುತ್ತದೆ. ಕೆಲವೆಡೆ ಅಂಗಾಲು ಕುಕ್ಕುವ ಮೊನೆಗಲ್ಲು, ಕೆಲವೆಡೆ ಕಾಲಿಟ್ಟಲ್ಲಿ ಜಾರುವ ಜಲ್ಲಿ. ಎರಡು ಹೆಜ್ಜೆ ಮೇಲೆ ಇಟ್ಟರೆ ಒಂದು ಹೆಜ್ಜೆ ಹಿಂದಕ್ಕೆ. ಅರ್ಧದವರೆಗೆ ಬೈಕಿನಲ್ಲಿ ಬಿಡುತ್ತೇವೆ ಎನ್ನುವ ಹುಡುಗರು ಕತ್ತಲಲ್ಲಿ ಪಕ್ಕದಲ್ಲೇ ಗುಡುಗುಡು ಎನ್ನುತ್ತ ಸಾಗುತ್ತಾರೆ. ಹಿಂತಿರುಗಿ ನೋಡಿದರೆ ಕೆಳಗೆ ಕೆರೆಯ ದಡದಿಂದ ಮೇಲಿನವರೆಗೆ ಹಣೆದೀಪಗಳ ಅಂಕುಡೊಂಕು ಸಾಲು. ನೂರಾರು ಜನ. ಏಕಾಂತ ಬಯಸಿ ಬಂದವರಿಗೆ ಇಲ್ಲಿ ಜಾಗವಿಲ್ಲ.

ಸ್ಥಳೀಯ ಗೈಡ್ ಇಲ್ಲದೆ ಈ ಬೆಟ್ಟ ಹತ್ತಗೊಡುವುದಿಲ್ಲ. ಸುತ್ತಲ ಹಳ್ಳಿಗಳ ಗೈಡುಗಳದೇ ಸಂಘವಿದೆ. ಅದರ ಮೂಲಕವೇ ಹೋಗಬೇಕು. ದಾರಿ ಕಾಣುವಂತೆಯೇ ಇದೆಯಲ್ಲ, ಇದು ಬಲವಂತದ ವಸೂಲಿ ಎಂದು ಗೊಣಗುವ ಪ್ರವಾಸಿಗರು ಬಹಳ. ಅವರ ಮಾತನ್ನು ನಾನು ಒಪ್ಪುವುದಿಲ್ಲ. ಕತ್ತಲಲ್ಲಿ ಕುಳಿಯ ಅಂಚು ಎಲ್ಲಿ ಮುಗಿಯುತ್ತದೆ, ಯಾವ ಬಿರುಕಿನಿಂದ ಸುಡುವ ಹಬೆ ಬರುತ್ತದೆ, ಮಳೆ ಬಿದ್ದ ಮಾರನೆಯ ದಿನ ಯಾವ ಜಾರು ಅಪಾಯ ಎಂಬುದನ್ನು ಅಲ್ಲೇ ಹುಟ್ಟಿ ಬೆಳೆದವರು ಮಾತ್ರ ಬಲ್ಲರು. ಇನ್ನೊಂದು ಮಾತು. ಬೆಟ್ಟ ಸಿಡಿದಾಗ ಮನೆ ಕಳೆದುಕೊಳ್ಳುವವರು ಅವರು. ಬೆಟ್ಟ ಸುಮ್ಮನಿದ್ದಾಗ ಅದರಿಂದ ಬರುವ ಹಣದಲ್ಲಿ ಮೊದಲ ಪಾಲೂ ಅವರಿಗೇ ಸಲ್ಲಬೇಕು.

ಜೀವಂತ ಜ್ವಾಲಾಮುಖಿಯನ್ನು ಹಗುರವಾಗಿ ಎಣಿಸಿದರೆ ಏನಾಗುತ್ತದೆ ಎಂಬುದಕ್ಕೆ ನೆನಪುಗಳು ಇನ್ನೂ ಹಸಿಯಾಗಿವೆ. 2014ರ ಸೆಪ್ಟೆಂಬರ್‌ನಲ್ಲಿ ಜಪಾನಿನ ಒಂಟಾಕೆ ಬೆಟ್ಟ ಶನಿವಾರ ನಡುಹಗಲಿನಲ್ಲಿ ಸಿಡಿದಾಗ ಸತ್ತವರು, ಕಾಣೆಯಾದವರು ಸೇರಿ 63 ಚಾರಣಿಗರು. ಆ ದಿನ ಅಲ್ಲಿನ ಎಚ್ಚರಿಕೆಯ ಮಟ್ಟ ಅತ್ಯಂತ ಕೆಳಗಿನದಾಗಿತ್ತು. ನೆಲದಡಿಯ ನೀರು ಕಾದು ಹಬೆಯಾಗಿ ಸಿಡಿಯುವ ಇಂಥ ಸ್ಫೋಟಗಳು ಮುನ್ಸೂಚನೆ ಕೊಡುವುದು ಕಡಿಮೆ. 2019ರ ಡಿಸೆಂಬರ್‌ನಲ್ಲಿ ನ್ಯೂಜಿಲೆಂಡಿನ ವಕಾರಿ ದ್ವೀಪದಲ್ಲಿ 22 ಮಂದಿ ಹೋದರು. 2023ರ ಡಿಸೆಂಬರ್‌ನಲ್ಲಿ ಇಂಡೊನೇಷ್ಯಾದ್ದೇ ಸುಮಾತ್ರಾ ದ್ವೀಪದ ಮರಾಪಿ ಸಿಡಿದಾಗ ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ಸತ್ತರು. ಇಂಡೊನೇಷ್ಯಾದಲ್ಲಿ ಜ್ವಾಲಾಮುಖಿಗಳಿಗೆ ನಾಲ್ಕು ಹಂತದ ಎಚ್ಚರಿಕೆಯಿದೆ. ಬಾತೂರಿನ ಮೇಲೆ ಕಣ್ಣಿಡಲು ಅಂಚಿನ ಪೆನೆಲೋಕಾನ್‌ನಲ್ಲಿ ವೀಕ್ಷಣಾ ಠಾಣೆಯೂ ಇದೆ. ಆದರೂ 'ಸಾಮಾನ್ಯ' ಎಂಬ ಮೊದಲ ಹಂತವನ್ನು ಬೆಟ್ಟ ಮಲಗಿದೆ ಎಂದು ಓದಿಕೊಳ್ಳಬಾರದು.

ತುದಿಯಲ್ಲಿ ಚಳಿ. ಸಮುದ್ರಮಟ್ಟದಿಂದ ಪ್ರತಿ ಸಾವಿರ ಮೀಟರಿಗೆ ಆರೇಳು ಡಿಗ್ರಿಯಂತೆ ತಾಪ ಇಳಿಯುತ್ತದೆ. ಬೆವರಿನಲ್ಲಿ ಒದ್ದೆಯಾದ ಅಂಗಿಗೆ ಆ ಗಾಳಿ ತಾಗಿದಾಗ ಹಲ್ಲು ಕಟಕಟ ಎನ್ನುತ್ತದೆ. ಪೂರ್ವದಲ್ಲಿ ಕೆಂಪು ಗೆರೆ ಮೂಡುತ್ತಿದ್ದಂತೆ ಮೊದಲು ಎದುರಿನ ಅಬಾಂಗ್ ಬೆಟ್ಟದ ಬೆನ್ನು ಕಾಣುತ್ತದೆ, ಅದರ ಹಿಂದೆ ಬಾಲಿಯ ಅತಿ ಎತ್ತರದ ಆಗುಂಗ್. ಬಾನು ತಿಳಿಯಾಗಿದ್ದರೆ ಕಡಲಾಚೆ ಲೊಂಬೋಕ್ ದ್ವೀಪದ ರಿಂಜಾನಿ ಕೂಡ. ಮೂರು ಬೆಟ್ಟಗಳ ಹಿಂದೆ ಬೆಳಕು ಪದರ ಪದರವಾಗಿ ಏರಿ, ಕೊನೆಗೆ ಸೂರ್ಯ ಮೋಡದ ಮೇಲೆ ಬಂದಾಗ ಜನ ಚಪ್ಪಾಳೆ ತಟ್ಟುತ್ತಾರೆ. ಅಷ್ಟರಲ್ಲಿ ಗೈಡುಗಳು ಬಂಡೆಯ ಸಂದಿನಲ್ಲಿ ಹೊಮ್ಮುವ ಹಬೆಗೆ ಮೊಟ್ಟೆ, ಬಾಳೆಹಣ್ಣು ಇಟ್ಟು ಬೇಯಿಸಿರುತ್ತಾರೆ. ಅಂಗೈಯನ್ನು ಆ ಸಂದಿನ ಮುಂದೆ ಹಿಡಿದಾಗಲೇ ಮೈಗೆ ಅರಿವಾಗುವುದು, ನಾವು ಕುಳಿತಿರುವುದು ಬರೀ ಬೆಟ್ಟದ ಮೇಲಲ್ಲ ಎಂದು. ತಿಂಡಿಯ ವಾಸನೆಗೆ ಕೋತಿಗಳು ಬರುತ್ತವೆ. ಚೀಲ ಮುಚ್ಚಿಟ್ಟುಕೊಳ್ಳಿ, ಅವುಗಳಿಗೆ ತಿನ್ನಲು ಕೊಡಬೇಡಿ.

ಫೋಟೊ ತೆಗೆಸಿಕೊಂಡವರು ಇಳಿಯಲು ಶುರುಮಾಡುವುದು ಆಗ. ಸೂರ್ಯ ಇನ್ನೂ ಒಂದು ಮಾರು ಮೇಲೇರಲಿ ಎಂದು ಕಾದರೆ ಬೆಳಕು ಕೆಳಕ್ಕೆ ಇಳಿಯುತ್ತದೆ. ಆಗ ತಿಳಿಯುತ್ತದೆ, ನಾವು ನಿಂತ ಬೆಟ್ಟ ಇನ್ನೊಂದು ದೊಡ್ಡ ಬೆಟ್ಟದ ಹೊಟ್ಟೆಯಲ್ಲಿದೆ ಎಂದು. ಸುತ್ತ ಕೋಟೆಯಂತೆ ನಿಂತಿರುವ ಕಡಿದಾದ ಗೋಡೆ ಹಿಂದೊಮ್ಮೆ ಇದ್ದ ಮಹಾಪರ್ವತದ ಉಳಿದ ಅಂಚು. ಸುಮಾರು 29,000 ವರ್ಷಗಳ ಹಿಂದೆ ಆ ಪರ್ವತ ಸಿಡಿದು, ಒಳಗಿನ ಶಿಲಾಪಾಕವೆಲ್ಲ ಹೊರಬಂದು, ಆಸರೆ ಕಳೆದುಕೊಂಡ ನೆತ್ತಿ ಒಳಕ್ಕೆ ಕುಸಿಯಿತು. ಸುಮಾರು 20,000 ವರ್ಷಗಳ ಹಿಂದೆ ಮತ್ತೊಮ್ಮೆ ಹಾಗೇ ಆಗಿ ಒಳಗೊಂದು ಕುಸಿತ ಉಂಟಾಯಿತು. ಕಾಲ್ಡೆರಾ ಎಂದು ಕರೆಯುವ ಈ ಕುಸಿತದ ಹೊರ ಅಂಚು ಉದ್ದಕ್ಕೆ ಹದಿನಾಲ್ಕು, ಅಡ್ಡಕ್ಕೆ ಹತ್ತು ಕಿಲೋಮೀಟರಿನಷ್ಟಿದೆ. ಒಳಗಿನ ತಗ್ಗಿನಲ್ಲಿ ಅರ್ಧಚಂದ್ರಾಕಾರದ ಬಾತೂರ್ ಕೆರೆ. ಈಗಿನ ಬಾತೂರ್ ಆ ಕುಸಿತದ ಒಳಗೆ ಮತ್ತೆ ಬೆಳೆದ ಮರಿಬೆಟ್ಟ. ಜಾವಾ, ಬಾಲಿಗಳ ದಕ್ಷಿಣಕ್ಕೆ ಕಡಲತಳ ವರ್ಷಕ್ಕೆ ಕೆಲವು ಸೆಂಟಿಮೀಟರಿನಂತೆ ಈ ದ್ವೀಪಗಳಡಿಗೆ ತೂರುತ್ತಿದೆ. ಆಳಕ್ಕೆ ಇಳಿದ ಆ ಹಾಸು ತನ್ನೊಳಗಿನ ನೀರನ್ನು ಬಿಟ್ಟುಕೊಡುತ್ತದೆ. ನೀರು ಸೇರಿದ ಬಿಸಿಬಂಡೆ ಕಡಿಮೆ ತಾಪಕ್ಕೇ ಕರಗಿ ಮೇಲೇಳುತ್ತದೆ. ಆಗುಂಗ್, ಬಾತೂರ್, ರಿಂಜಾನಿ ಸಾಲಾಗಿ ನಿಂತಿರುವುದು ಅದಕ್ಕೇ.

ಪಶ್ಚಿಮ, ನೈರುತ್ಯದ ಕಡೆ ಕೆಳಗೆ ನೋಡಿದರೆ ಹಸಿರಿನ ನಡುವೆ ಕಪ್ಪು ಹರವುಗಳು. ಒಂದೊಂದೂ ಒಂದೊಂದು ವರ್ಷದ ಲಾವಾ. 1963ರದ್ದು, 1968ರದ್ದು, 1974ರದ್ದು ಎಂದು ಗೈಡ್ ಬೆರಳು ಮಾಡಿ ತೋರಿಸುತ್ತಿದ್ದಳು. ಹಳೆಯದರ ಮೇಲೆ ಹುಲ್ಲು ಪೊದೆ ಹತ್ತಿದೆ, ಹೊಸದು ಇನ್ನೂ ಬೋಳು. 1804ರಿಂದ ಈ ಬೆಟ್ಟದ ಸ್ಫೋಟಗಳ ದಾಖಲೆ ಸಿಗುತ್ತದೆ; ಅಲ್ಲಿಂದೀಚೆಗೆ ಇಪ್ಪತ್ತಕ್ಕೂ ಹೆಚ್ಚು ಬಾರಿ ಸಿಡಿದಿದೆ, ಕೊನೆಯದಾಗಿ 2000ದಲ್ಲಿ.

ಇವುಗಳಲ್ಲಿ ಬಾತೂರಿನ ಜನ ಮರೆಯದೆ ಹೇಳುವುದು 1917 ಮತ್ತು 1926ರ ಕಥೆ. ಆಗ ಬಾತೂರ್ ಊರು ಇದ್ದದ್ದು ಕೆಳಗೆ, ಬೆಟ್ಟದ ಬುಡದಲ್ಲೇ. 1917ರ ಲಾವಾ ಮನೆ ಗುಡಿಗಳನ್ನು ನುಂಗುತ್ತ ಬಂದು ಊರ ದೊಡ್ಡ ದೇವಾಲಯದ ಬಾಗಿಲಲ್ಲಿ ನಿಂತಿತು. ದೇವಿ ಕಾಯ್ದಳು ಎಂದು ನಂಬಿದ ಜನ ಅಲ್ಲೇ ಮತ್ತೆ ಮನೆ ಕಟ್ಟಿಕೊಂಡರು. ಒಂಬತ್ತು ವರ್ಷಕ್ಕೆ ಮತ್ತೆ ಬಂದ ಲಾವಾ ಎಲ್ಲಿಯೂ ನಿಲ್ಲಲಿಲ್ಲ. ಊರನ್ನೂ ದೇವಾಲಯವನ್ನೂ ಮುಚ್ಚಿತು. 1926ರ ಆಗಸ್ಟಿನ ಆ ಸ್ಫೋಟದ ನಂತರ ಜನ ಕುಸಿತದ ಅಂಚಿನ ಮೇಲಕ್ಕೆ ಸ್ಥಳಾಂತರಗೊಂಡು, ಅಲ್ಲಿ ತಮ್ಮ ದೇವಾಲಯವನ್ನು ಮತ್ತೆ ಎಬ್ಬಿಸಿದರು. ಪುರ ಉಲುನ್ ದಾನು ಬಾತೂರ್ ಎಂಬ ಆ ದೇವಾಲಯದ ಹನ್ನೊಂದು ಅಂತಸ್ತಿನ ಮೇರು ಇಂದಿಗೂ ಕೆರೆಯ ದೇವತೆಯಾದ ದೇವಿ ದಾನುವಿನದು. ಊರು ಸುಟ್ಟ ಬೆಟ್ಟವನ್ನು ಶಪಿಸದೆ, ಅದು ಕಾಣುವ ಜಾಗದಲ್ಲೇ ಮತ್ತೆ ಗುಡಿ ಕಟ್ಟಿದ ಆ ಜನರ ಮುಂದೆ ನನ್ನ ತಲೆ ತಾನಾಗಿ ಬಾಗುತ್ತದೆ.

ಅವರು ಹಾಗೆ ಮಾಡಿದ್ದಕ್ಕೆ ಬರೀ ಭಕ್ತಿ ಕಾರಣವಲ್ಲ. ಬಾತೂರ್ ಕೆರೆಗೆ ಕಣ್ಣಿಗೆ ಕಾಣುವ ಕೋಡಿಯಿಲ್ಲ. ಅದರಿಂದ ಯಾವ ಹೊಳೆಯೂ ಹೊರಡುವುದಿಲ್ಲ. ಬೂದಿ, ಸಡಿಲ ಲಾವಾಗಳ ಪದರಗಳಲ್ಲಿ ಇಂಗುವ ನೀರೇ ಕೆಳಗಿನ ಇಳಿಜಾರುಗಳಲ್ಲಿ ಊಟೆಗಳಾಗಿ ಹೊಮ್ಮುತ್ತದೆ ಎಂಬುದು ಬಾಲಿಯ ರೈತರ ನಂಬಿಕೆ. ಗದ್ದೆಗೆ ಹರಿಯುವ ಪ್ರತಿ ಹನಿಯೂ ದೇವಿ ದಾನುವಿನ ಕೊಡುಗೆ. ಈ ನಂಬಿಕೆಯ ಮೇಲೆ ನಿಂತದ್ದೇ ಸುಬಾಕ್ ಎಂಬ ವ್ಯವಸ್ಥೆ. ಒಂದೇ ಕಾಲುವೆಯ ನೀರು ಹಂಚಿಕೊಳ್ಳುವ ರೈತರ ಒಕ್ಕೂಟಗಳವು; ಒಂಬತ್ತನೆಯ ಶತಮಾನದಷ್ಟು ಹಿಂದಿನಿಂದ ನಡೆದು ಬಂದಿವೆ. ಯಾವ ಬಯಲು ಯಾವಾಗ ನಾಟಿ ಮಾಡಬೇಕು, ಯಾವಾಗ ನೀರು ಬಿಡಬೇಕು, ಯಾವಾಗ ಗದ್ದೆ ಒಣಗಲು ಬಿಡಬೇಕು ಎಂಬುದನ್ನು ಕವಲು ಕವಲಿನ ನೀರ ದೇವಾಲಯಗಳಲ್ಲಿ ಸೇರಿ ನಿರ್ಧರಿಸುತ್ತಾರೆ. ಅವುಗಳಿಗೆಲ್ಲ ಮೇಲಿನದು ಈ ಅಂಚಿನ ಮೇಲಿನ ದೇವಾಲಯ.

1970ರ ದಶಕದಲ್ಲಿ ಇದಕ್ಕೆ ಸಂಚಕಾರ ಬಂತು. ಹಸಿರು ಕ್ರಾಂತಿಯ ಹುರುಪಿನಲ್ಲಿ ಸರ್ಕಾರ ಹೊಸ ತಳಿ, ರಸಗೊಬ್ಬರ, ಕೀಟನಾಶಕಗಳನ್ನು ತಂದು, ಗುಡಿಯ ಪಂಚಾಂಗ ಬಿಟ್ಟು ಆದಷ್ಟು ಸಲ ಭತ್ತ ಬೆಳೆಯಿರಿ ಎಂದಿತು. ಮೊದಮೊದಲು ಇಳುವರಿ ಏರಿತು. ಬಳಿಕ ನೀರಿನ ಜಗಳ ಎದ್ದಿತು, ಕಂದು ಜಿಗಿಹುಳು ಎದ್ದಿತು. ಗಂಗಾವತಿ, ಸಿಂಧನೂರಿನ ಭತ್ತದ ರೈತರಿಗೆ ಆ ಹುಳುವಿನ ಪರಿಚಯ ನಾನು ಮಾಡಿಕೊಡಬೇಕಿಲ್ಲ. ಸ್ಟೀಫನ್ ಲ್ಯಾನ್ಸಿಂಗ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞ ಮತ್ತು ಪರಿಸರ ವಿಜ್ಞಾನಿ ಜೇಮ್ಸ್ ಕ್ರೆಮರ್ ಸೇರಿ ಎರಡು ನದಿಗಳ ದಂಡೆಯ 172 ಸುಬಾಕ್‌ಗಳ ಲೆಕ್ಕವನ್ನು ಕಂಪ್ಯೂಟರಿಗೆ ಹಾಕಿ ನೋಡಿದರು. ಎಲ್ಲರೂ ಒಟ್ಟಿಗೆ ನಾಟಿ ಮಾಡಿದರೆ ನೀರು ಸಾಲದು. ಪ್ರತಿಯೊಬ್ಬರೂ ತಮ್ಮ ತಮ್ಮ ಪಾಡಿಗೆ ಮಾಡಿದರೆ ಹುಳುವಿಗೆ ವರ್ಷವಿಡೀ ಒಂದಲ್ಲ ಒಂದು ಗದ್ದೆಯಲ್ಲಿ ಊಟ. ಇವೆರಡರ ನಡುವಿನ ಹದವೇ ಹೆಚ್ಚು ಇಳುವರಿ ಕೊಡುವಂಥದ್ದು, ಮತ್ತು ನೀರ ದೇವಾಲಯಗಳು ಹಾಕಿಕೊಟ್ಟಿದ್ದ ಪಾಳಿ ಆ ಹದಕ್ಕೆ ಬಹಳ ಹತ್ತಿರವಿತ್ತು. ಬೆಟ್ಟ ಹತ್ತುವವರು ತಿಳಿದುಕೊಳ್ಳಬೇಕಾದ ಸಂಗತಿ ಇದು: ಕೆಳಗೆ ಹೊಳೆಯುವ ಆ ಕೆರೆ ಬರೀ ನೋಟವಲ್ಲ, ಬಾಲಿಯ ಅನ್ನದ ತಿಜೋರಿ. 2012ರಲ್ಲಿ ಸುಬಾಕ್ ಭೂದೃಶ್ಯ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿದಾಗ ಕೆರೆಯನ್ನೂ ದೇವಾಲಯವನ್ನೂ ಅದರ ಭಾಗವಾಗಿ ಗುರುತಿಸಲಾಯಿತು. ಅದೇ ವರ್ಷ ಬಾತೂರ್ ಜಿಯೊಪಾರ್ಕ್ ಎಂಬ ಮಾನ್ಯತೆಯನ್ನೂ ಪಡೆಯಿತು.

ಬೆಂಕಿ ಕೊಟ್ಟ ಮಣ್ಣಿನ ಗುಣ ಕಾಫಿಯಲ್ಲೂ ಇದೆ. ಕಿತ್ತಳೆ ಗಿಡಗಳ ಜೊತೆ ಬೆಳೆಯುವ ಕಿಂತಾಮಣಿ ಅರೇಬಿಕಾ 2008ರಲ್ಲಿ ಇಂಡೊನೇಷ್ಯಾದ ಮೊದಲ ಭೌಗೋಳಿಕ ಗುರುತು ಪಡೆದ ಬೆಳೆ. ನಮಗೂ ಇದು ದೂರದ ಮಾತಲ್ಲ. ಬೆಳಗಾವಿ, ವಿಜಯಪುರ, ಕಲಬುರಗಿಯ ಎರೆ ಭೂಮಿ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ದಖನ್ ಲಾವಾ ಸವೆದು ಆದ ಮಣ್ಣು. ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರಿಸ್ ದ್ವೀಪದ ಕಂಬಗಲ್ಲುಗಳು ಅದಕ್ಕೂ ಹಿಂದೆ, ಭಾರತ ಮಡಗಾಸ್ಕರ್‌ನಿಂದ ಬೇರ್ಪಡುತ್ತಿದ್ದ ಕಾಲದ ಲಾವಾ ತಣಿದು ನಿಂತವು. ನಮ್ಮಲ್ಲಿ ಯಾವಾಗಲೋ ಮುಗಿದ ಕೆಲಸ ಬಾತೂರಿನಲ್ಲಿ ಇನ್ನೂ ನಡೆಯುತ್ತಿದೆ, ಅಷ್ಟೆ.

ಆ ಕೆಲಸ ನಡೆಯುವ ಜಾಗಕ್ಕೆ ಇಷ್ಟೊಂದು ಜನ ಬರುವುದು ಸರಿಯೇ ಎಂಬ ಪ್ರಶ್ನೆ ಬಾಲಿಯಲ್ಲೇ ಎದ್ದಿದೆ. 2023ರ ಆರಂಭದಲ್ಲಿ ವಿದೇಶಿ ಪ್ರವಾಸಿಯೊಬ್ಬ ಪವಿತ್ರವಾದ ಆಗುಂಗ್ ಬೆಟ್ಟದ ಮೇಲೆ ಅರೆಬೆತ್ತಲೆಯಾಗಿ ಫೋಟೊ ತೆಗೆಸಿಕೊಂಡದ್ದು ಜನರನ್ನು ನೋಯಿಸಿತು. ಅದೇ ವರ್ಷ ಗವರ್ನರ್ ವಯಾನ್ ಕೋಸ್ಟರ್ ದ್ವೀಪದ 22 ಬೆಟ್ಟಗಳನ್ನೂ ಪ್ರವಾಸಿಗರಿಗೆ ಮುಚ್ಚುವ ಮಾತಾಡಿದರು. ಬೆಟ್ಟಗಳು ಪವಿತ್ರ, ಪೂಜೆಗಲ್ಲದೆ ಯಾರೂ ಹತ್ತಬಾರದು ಎಂಬುದು ಅವರ ವಾದ; ನಮ್ಮ ಹೊಟ್ಟೆಪಾಡೇನು ಎಂಬುದು ಗೈಡುಗಳ ಪ್ರಶ್ನೆ. ಬಾತೂರಿನ ಚಾರಣ ನಿಲ್ಲಲಿಲ್ಲ. ನಿಲ್ಲದಿದ್ದದ್ದು ಒಳ್ಳೆಯದೇ ಆಯಿತು ಎಂದು ನನ್ನ ಅಭಿಪ್ರಾಯ. ಆದರೆ ಗವರ್ನರ್ ಎತ್ತಿದ ಪ್ರಶ್ನೆಯನ್ನು ತಳ್ಳಿಹಾಕುವ ಹಕ್ಕು ಪ್ರವಾಸಿಗರಿಗಿಲ್ಲ. ಲಾವಾದ ಬಯಲಿನಲ್ಲಿ ಈಗ ಸಾಲು ಸಾಲು ಜೀಪುಗಳು ನಿಂತು ಸೂರ್ಯೋದಯ ತೋರಿಸುತ್ತಿವೆ. ಕಲ್ಲಿನ ಸಂದುಗಳಲ್ಲಿ ಪ್ಲಾಸ್ಟಿಕ್ ಬಾಟಲಿಗಳು ಸಿಕ್ಕುತ್ತವೆ. 2024ರ ಜನವರಿಯ ರಜೆಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಜನ ಒಮ್ಮೆಲೆ ನುಗ್ಗಿ, ಆನ್‌ಲೈನ್ ನೋಂದಣಿ ವ್ಯವಸ್ಥೆಯಾಗುವವರೆಗೆ ಸರ್ಕಾರ ಇಂಥ ಚಾರಣಗಳನ್ನು ತಡೆಯಬೇಕಾಗಿ ಬಂದದ್ದನ್ನು ಕಂಡ ನಮಗೆ ಇದು ಅರ್ಥವಾಗದ ಸಂಕಟವಲ್ಲ. ಹತ್ತುವವರ ಸಂಖ್ಯೆಗೆ ಬಾತೂರಿನಲ್ಲಿಯೂ ಮಿತಿ ಬೇಕು. ಜೀಪುಗಳನ್ನು ಲಾವಾದ ಬಯಲಿನಿಂದ ಹೊರಗಿಡಬೇಕು.

ಹೋಗುವವರಿಗೆ ಒಂದೆರಡು ಮಾತು. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಒಣ ಹವೆ, ಬಾನು ತಿಳಿಯಾಗಿರುವ ಸಂಭವ ಹೆಚ್ಚು. ಹಿಡಿತವಿರುವ ಬೂಟು, ಗಾಳಿ ತಡೆಯುವ ಜಾಕೆಟ್, ಒಣ ಅಂಗಿ ಇರಲಿ. ಇಳಿಯುವಾಗಲೇ ಮೊಣಕಾಲಿಗೆ ಪೆಟ್ಟು, ಕೋಲು ಒಯ್ಯಿರಿ. ಹೊರಡುವ ಮುನ್ನ ಎಚ್ಚರಿಕೆಯ ಮಟ್ಟ ಕೇಳಿ. ಹತ್ತುವುದು ಬೇಡ ಎಂದು ಗೈಡ್ ಹೇಳಿದರೆ ಕೊಟ್ಟ ಹಣದ ಆಸೆಗೆ ಹಟ ಮಾಡಬೇಡಿ. ನ್ಯೇಪಿ ಎಂಬ ಮೌನದ ಹಬ್ಬದ ದಿನ ಇಡೀ ದ್ವೀಪವೇ ಬಾಗಿಲು ಮುಚ್ಚಿ ಕೂರುತ್ತದೆ, ಬೆಟ್ಟವೂ ಇಲ್ಲ, ವಿಮಾನವೂ ಇಲ್ಲ. ಗೈಡಿನ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ. ಬದಲಿಗೆ ಕುಳಿಯ ಅಂಚಿನ ಸುತ್ತ ಕರೆದೊಯ್ಯಲು ಕೇಳಿ, ಅದಕ್ಕೆ ಬೇರೆಯಾಗಿ ಕೊಡಿ.

ಇಳಿದ ಮೇಲೆ ಕಡಲತೀರಕ್ಕೆ ಓಡದೆ ಅಂಚಿನ ಮೇಲಿನ ಪುರ ಉಲುನ್ ದಾನು ಬಾತೂರ್‌ಗೆ ಹೋಗಿ ಬನ್ನಿ. ಚಾಲಕರಿಗೆ ಹೆಸರು ಪೂರ್ತಿ ಹೇಳಿ. ಬರೀ ಉಲುನ್ ದಾನು ಎಂದರೆ ಬೆಡುಗುಲ್‌ನ ಬ್ರತಾನ್ ಕೆರೆಯ ಪ್ರಸಿದ್ಧ ದೇವಾಲಯಕ್ಕೆ ಕರೆದೊಯ್ದಾರು. ಒಳಗೆ ಹೋಗಲು ಸೊಂಟಕ್ಕೆ ಸಾರೋಂಗ್ ಸುತ್ತಿಕೊಂಡಿರಬೇಕು.